ಕಮಿಷನ್ ವರಮಾನದ ಸಂಸಾರ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಈ ಗಾದೆಯನ್ನು ಕಟ್ಟಿದ ಹಿರಿಯರು ಹಾಸಿಗೆಯ ಅಳತೆ ಎಂದೆಂದಿಗೂ ಒಂದೇ ಎಂದು ಭಾವಿಸಿದ್ದರೆಂದು ತೋರುತ್ತದೆ. ಒಂದು ತಿಂಗಳು ಆರು ಮೊಳ, ಮರುತಿಂಗಳು ಮೂರು ಮೊಳ, ಅದರಾಚೆಯ ತಿಂಗಳು ಹಾಸಿಗೆಯೇ ಇಲ್ಲ ಎಂಬ ಸ್ಥಿತಿಯಲ್ಲಿರುವ ಗೃಹಸ್ಥನು ಕಾಲನ್ನು ಎಷ್ಟು ಚಾಚಬೇಕು? ಈ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ. ತಿಂಗಳ ಸಂಬಳಗಾರರಿಗಾಗಿ ಬರೆದ ಆಯವ್ಯಯದ ಪುಸ್ತಕಗಳಲ್ಲಿಯೂ ಅದು ದೊರೆಯುವುದು ಅಪರೂಪ. ನಾನು ಕಾಲೇಜಿನಲ್ಲಿ ಪಾಠ ಹೇಳಿ ಮೊದಲ ತಾರೀಖಿಗೆ ಸಂಬಳ ಎಣಿಸಿಕೊಳ್ಳುವವನು. ಇಂಥವನಿಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನೆಂದು ತಾವು ಕೇಳಬಹುದು. ನಾನು ಹುಟ್ಟಿ ಬೆಳೆದದ್ದು ಕಮಿಷನ್ನಿನ ಮನೆಯಲ್ಲಿ ಎಂಬುದೊಂದೇ ನನ್ನ ಅಧಿಕಾರ.

ಬೆಂಗಳೂರಿನ ಪೂರ್ವ ದಿಕ್ಕಿನ ವಿಮಾನಪುರ ನಮ್ಮ ಊರು. 1940ರ ಡಿಸೆಂಬರ್ 23ರಂದು ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೇ ಈ ಊರಿಗೆ ಹೆಸರನ್ನೂ ಅನ್ನವನ್ನೂ ಕೊಟ್ಟದ್ದು. ಕಾರ್ಖಾನೆಯ ಗೋಡೆಯ ಒಳಗಿನವರದು ತಿಂಗಳ ಸಂಬಳ. ಗೋಡೆಯ ಹೊರಗೆ ಆ ಸಂಬಳವನ್ನೇ ನೆಚ್ಚಿಕೊಂಡು ಬದುಕುವ ಇನ್ನೊಂದು ಜನವುಂಟು. ವಿಮೆಯ ಏಜೆಂಟರು, ಮನೆ ಕೊಡಿಸುವ ದಳ್ಳಾಳಿಗಳು, ಕಂತಿನ ಮೇಲೆ ಪಾತ್ರೆ ಬಟ್ಟೆ ಮಾರುವವರು, ಟ್ಯಾಕ್ಸಿಯವರು; ಈಚೆಗೆ ಮನೆಬಾಗಿಲಿಗೆ ಊಟದ ಪೊಟ್ಟಣ ತಂದುಕೊಟ್ಟು ಒಂದೊಂದು ಸುತ್ತಿಗೆ ಇಷ್ಟೆಂದು ಪಡೆಯುವ ಹುಡುಗರೂ ಸೇರಿದ್ದಾರೆ. ನೆರೆಯ ಬಡಾವಣೆಯೊಂದು ಜೀವವಿಮೆಯನ್ನು ಹೆಸರಿನಲ್ಲಿಯೇ ಹೊತ್ತಿದೆ. ಆದರೆ ಬೀಮೆಯ ಬೀಮಾ ಜನರ ಬಾಯಲ್ಲಿಯೂ ಫಲಕಗಳಲ್ಲಿಯೂ ಮಹಾಪ್ರಾಣವನ್ನು ಪಡೆದು ‘ಜೀವನ್ ಭೀಮಾ ನಗರ’ವಾಗಿ, ವಿಮೆಯ ಸ್ಥಾನದಲ್ಲಿ ವೃಕೋದರನು ಬಂದು ಕುಳಿತಿದ್ದಾನೆ. ಕಮಿಷನ್ನಿನ ಸಂಸಾರದ ಹಸಿವನ್ನು ಬಲ್ಲವರಿಗೆ ಈ ಅಪಭ್ರಂಶ ಅಷ್ಟೇನೂ ಅನುಚಿತವೆನಿಸಲಾರದು.

ನಮ್ಮ ತಂದೆಯವರು ವಿಮೆಯ ಏಜೆಂಟರಾಗಿದ್ದರು. ಅವರ ಗಿರಾಕಿಗಳಲ್ಲಿ ಬಹುಮಂದಿ ಕಾರ್ಖಾನೆಯ ನೌಕರರು. ವಿಮೆಯ ಕಂತಿಗೆ ವರಮಾನ ತೆರಿಗೆಯಲ್ಲಿ ರಿಯಾಯಿತಿ ದೊರೆಯುತ್ತಿದ್ದ ಕಾರಣ ಅವರಿಗೆಲ್ಲ ವಿಮೆಯ ನೆನಪು ಬರುತ್ತಿದ್ದುದು ಜನವರಿಯಿಂದ ಮಾರ್ಚಿಯವರೆಗೆ. ಆ ಮೂರು ತಿಂಗಳು ತಂದೆಯವರು ರಾತ್ರಿ ಹತ್ತಕ್ಕೆ ಮೊದಲು ಮನೆಗೆ ಬರುತ್ತಿರಲಿಲ್ಲ. ಯುಗಾದಿಗೆ ಮನೆಮಂದಿಗೆಲ್ಲ ಹೊಸಬಟ್ಟೆ. ಒಂದು ವರ್ಷ ರೇಡಿಯೋ, ಇನ್ನೊಂದು ವರ್ಷ ತಿರುಪತಿ ಯಾತ್ರೆ. ಏಪ್ರಿಲ್ ಬಂದಿತೆಂದರೆ ನೌಕರನಿಗೆ ಮೃತ್ಯುವಿನ ಭಯವೂ ತೆರಿಗೆಯ ಭಯವೂ ಒಟ್ಟಿಗೆ ಹೊರಟುಹೋಗುತ್ತಿದ್ದುವು. ಜೂನಿನಲ್ಲಿ ಶಾಲೆಯ ಫೀಜು ಕಟ್ಟುವ ಹೊತ್ತಿಗೆ ತಾಯಿಯವರ ಕೈಬಳೆ ಗಿರವಿ ಅಂಗಡಿಗೆ ನಡೆಯುತ್ತಿತ್ತು. ಮರಳಿ ಅದು ಕೈಗೆ ಬರುತ್ತಿದ್ದುದು ಮುಂದಿನ ಫೆಬ್ರವರಿಯಲ್ಲಿ. ಅವರ ಬಳೆಗಳು ವರ್ಷದಲ್ಲಿ ಎಂಟು ತಿಂಗಳು ಅಂಗಡಿಯಲ್ಲಿಯೂ ನಾಲ್ಕು ತಿಂಗಳು ಕೈಯಲ್ಲಿಯೂ ಇರುತ್ತಿದ್ದುವೆಂದರೆ ಅತಿಶಯೋಕ್ತಿಯಲ್ಲ. ತಂದೆಯವರು ದುಂದುಗಾರರಲ್ಲ, ಬೀಡಿಯನ್ನು ಸಹ ಸೇದಿದವರಲ್ಲ. ವರ್ಷದ ಒಟ್ಟು ಗಳಿಕೆಯಲ್ಲಿ ಅವರು ಗೋಡೆಯೊಳಗಿನ ಅನೇಕರಿಗಿಂತ ಕಡಿಮೆಯವರೂ ಅಲ್ಲ. ಹಾಗಿದ್ದೂ ಗೋಡೆಯೊಳಗಿನವರು ಸಾಲವಿಲ್ಲದೆ ಬಾಳಿದರು, ನಾವು ಬಾಳಲಿಲ್ಲ. ಇದೇಕೆ ಹೀಗೆಂಬುದನ್ನು ನಾನು ಲೆಕ್ಕ ಹಾಕಿ ನೋಡಿದ್ದು ಬಹುಕಾಲದ ಮೇಲೆ.

ಆ ಲೆಕ್ಕವನ್ನು ಕಲ್ಪಿತವಾದ ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಇಂದಿನ ಏಜೆಂಟನೊಬ್ಬನಿಗೆ ಏಪ್ರಿಲ್‌ನಿಂದ ಆರಂಭಿಸಿ ಹನ್ನೆರಡು ತಿಂಗಳಲ್ಲಿ ಕ್ರಮವಾಗಿ 18, 12, 22, 30, 25, 35, 40, 28, 32, 48, 70, 120 ಸಾವಿರ ರೂಪಾಯಿ ಕೈಸೇರಿತೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಒಟ್ಟು 4,80,000. ಸರಾಸರಿ ತಿಂಗಳಿಗೆ 40,000. “ನನಗೆ ತಿಂಗಳಿಗೆ ನಲವತ್ತು ಸಾವಿರ ಬರುತ್ತದೆ” ಎಂದು ಈತನು ಬೀಗರ ಮನೆಯಲ್ಲಿ ಹೇಳಿಕೊಂಡರೆ ಸುಳ್ಳಾಡಿದಂತಾಗದು. ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಹನ್ನೆರಡರಲ್ಲಿ ಎಂಟು ತಿಂಗಳು ಆ ಸರಾಸರಿಯ ಕೆಳಗೆಯೇ ಇವೆ; ಮೂರು ತಿಂಗಳು ಮಾತ್ರ ಅದನ್ನು ಮೀರಿವೆ. ವರಮಾನವು ಕೆಲವೇ ತಿಂಗಳಲ್ಲಿ ಗುಂಪುಗೂಡಿ ಬರುವಲ್ಲಿ ಹೆಚ್ಚಿನ ತಿಂಗಳುಗಳು ಸರಾಸರಿಗಿಂತ ಕೆಳಗಿರುವುದೇ ಸಾಮಾನ್ಯ. ಆದುದರಿಂದ ಸರಾಸರಿಯನ್ನು ಸಂಬಳವೆಂದು ತಿಳಿದವನು ಬಹುತೇಕ ವರ್ಷವೆಲ್ಲ ‘ಈ ತಿಂಗಳೊಂದು ಕಳೆದರೆ ಸಾಕು’ ಎಂದುಕೊಂಡೇ ಕಾಲ ಹಾಕುತ್ತಾನೆ.

ಇದರ ಮೇಲೆ ಇನ್ನೊಂದು ಭ್ರಮೆಯುಂಟು. ಕೈಗೆ ಬಂದದ್ದೆಲ್ಲ ವರಮಾನವಲ್ಲ. ಪೆಟ್ರೋಲು, ದೂರವಾಣಿ, ಹೊಸವರ್ಷದ ಡೈರಿ ಕ್ಯಾಲೆಂಡರುಗಳು, ಗಿರಾಕಿಯ ಮಗಳ ಮದುವೆಯ ಉಡುಗೊರೆ, ಇವೆಲ್ಲವೂ ಮನೆಯ ಖರ್ಚಲ್ಲ, ಕಸುಬಿನ ಖರ್ಚು. ನಮ್ಮ ತಂದೆಯವರಂತೂ ಹೊಸ ಗಿರಾಕಿಯ ಮೊದಲ ಕಂತಿನಲ್ಲಿ ಒಂದು ಭಾಗವನ್ನು ತಾವೇ ಕಟ್ಟಿಬಿಡುತ್ತಿದ್ದರು. ಹೀಗೆ ಕಮಿಷನ್ನಿನಲ್ಲಿ ಪಾಲು ಕೊಡುವುದನ್ನು 1938ರ ವಿಮಾ ಕಾಯಿದೆ ಸ್ಪಷ್ಟವಾಗಿ ನಿಷೇಧಿಸಿದೆಯೆಂದು ಅವರಿಗೆ ತಿಳಿಯದೆ ಇರಲಿಲ್ಲ. ಎದುರುಮನೆಯ ಏಜೆಂಟನು ಕೊಡುತ್ತಾನೆಂಬುದೇ ಅವರ ಸಮಾಧಾನ. ನಮ್ಮ ಉದಾಹರಣೆಯ ಏಜೆಂಟನು ಅಷ್ಟು ದೂರ ಹೋಗದವನೆಂದು ತಿಳಿದು ಕಸುಬಿನ ಖರ್ಚಿಗೆ ನೂರಕ್ಕೆ 15ನ್ನು ತೆಗೆದಿಡೋಣ. ಮನೆಗೆಂದು ಉಳಿಯುವುದು 4,08,000, ತಿಂಗಳಿಗೆ 34,000. ನಲವತ್ತೆಂದುಕೊಂಡದ್ದು ಮೂವತ್ತನಾಲ್ಕಾಯಿತು.

ಈಗ ಉಪಾಯದ ಮಾತು. ವಿಮಾನಪುರದ ಪಕ್ಕದಲ್ಲಿಯೇ ವಿಭೂತಿಪುರದ ಕೆರೆಯಿದೆ; ಪಶ್ಚಿಮಕ್ಕೆ ಹೋದರೆ ಹಲಸೂರಿನ ಕೆರೆ. ನದಿಯಿಲ್ಲದ ಈ ಬಯಲುಸೀಮೆಯಲ್ಲಿ ಹಿಂದಿನವರು ಕೆರೆಗಳನ್ನು ಏತಕ್ಕೆ ಕಟ್ಟಿಸಿದರು? ಮಳೆಯು ತನಗೆ ತೋರಿದಾಗ ಬರುತ್ತದೆ, ಪೈರಿಗೆ ನೀರು ದಿನವೂ ಬೇಕು ಎಂಬ ಕಾರಣಕ್ಕೆ. ರೈತನು ಮಳೆ ಬಿದ್ದ ದಿನ ಬಿದ್ದ ನೀರನ್ನೆಲ್ಲ ಗದ್ದೆಗೆ ಹಾಯಿಸುವುದಿಲ್ಲ. ನೀರು ಕೆರೆಗೆ ಹೋಗುತ್ತದೆ. ಕೆರೆಯಿಂದ ತೂಬಿನ ಮೂಲಕ ಅಳತೆಯಾಗಿ ಗದ್ದೆಗೆ ಬರುತ್ತದೆ. ತೂಬನ್ನು ಎಷ್ಟು ಎತ್ತಬೇಕೆಂಬುದು ಇಂದಿನ ಮಳೆಯನ್ನು ನೋಡಿಯಲ್ಲ, ಕೆರೆಯಲ್ಲಿರುವ ನೀರನ್ನು ನೋಡಿ ನಿರ್ಣಯವಾಗತಕ್ಕದ್ದು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಕೋಡಿ ಬೀಳುತ್ತದೆ. ಕಮಿಷನ್ನಿನವನು ಮಾಡಬೇಕಾದದ್ದು ಇಷ್ಟೆ: ಬಂದ ಹಣವೆಲ್ಲ ಮೊದಲು ಒಂದು ಪ್ರತ್ಯೇಕವಾದ ಬ್ಯಾಂಕು ಖಾತೆಗೆ ಸೇರಬೇಕು, ಆ ಖಾತೆಯಿಂದ ತಿಂಗಳ ಮೊದಲ ತಾರೀಖಿಗೆ ತನಗೆ ತಾನೇ ಗೊತ್ತುಮಾಡಿಕೊಂಡ ಸಂಬಳವೊಂದು ಮನೆಯ ಖಾತೆಗೆ ಬರಬೇಕು. ಮನೆಯವರು ನೋಡತಕ್ಕದ್ದು ಈ ಎರಡನೆಯ ಖಾತೆಯನ್ನು ಮಾತ್ರ.

ಆ ಸಂಬಳ ಎಷ್ಟಿರಬೇಕು? ಮೂವತ್ತನಾಲ್ಕು ಸಾವಿರವೆಂದು ಗೊತ್ತುಮಾಡಿದರೆ ಕೆರೆಯಲ್ಲಿ ಎಂದೂ ಹನಿಯೂ ಉಳಿಯದು. 28,000 ಎಂದು ಇಟ್ಟು ನೋಡೋಣ. ಕಸುಬಿನ ಖರ್ಚು ಕಳೆದು ಏಪ್ರಿಲ್‌ನಲ್ಲಿ ಬಂದದ್ದು 15,300, ಕೊರತೆ 12,700. ಮೇ ತಿಂಗಳ ಕೊರತೆ 17,800. ಜೂನ್ 9,300, ಜುಲೈ 2,500, ಆಗಸ್ಟ್ 6,750. ಆಗಸ್ಟ್ ಕೊನೆಗೆ ಕೂಡಿಬಂದ ಕೊರತೆ 49,050. ಗೌರಿ ಗಣೇಶ ಹಬ್ಬದ ಹೊತ್ತಿಗೆ ಕೆರೆಯು ಅತ್ಯಂತ ಕೆಳಕ್ಕಿಳಿದಿರುತ್ತದೆ. ಅಲ್ಲಿಂದ ಡಿಸೆಂಬರಿನವರೆಗೆ ಹೆಚ್ಚುಕಡಿಮೆ ಅದೇ ಮಟ್ಟ. ಜನವರಿಯಿಂದ ಒಳಹರಿವು, ಫೆಬ್ರವರಿ ಮುಗಿಯುವಾಗ ಕೊರತೆ ಎರಡೇ ಸಾವಿರ, ಮಾರ್ಚಿಯ ಕೊನೆಗೆ 72,000 ಮಿಗುತ್ತದೆ.

ಈ ಲೆಕ್ಕದಿಂದ ತಿಳಿಯುವುದೇನು? ಈ ಸಂಸಾರಕ್ಕೆ ಏಪ್ರಿಲ್ 1ರಂದು ಕೆರೆಯಲ್ಲಿ ಸುಮಾರು ಐವತ್ತು ಸಾವಿರವಿದ್ದರೆ ಸಾಧಾರಣ ವರ್ಷವೊಂದು ಸಾಲವಿಲ್ಲದೆ ಕಳೆಯುತ್ತದೆ. ಅದು ಎರಡು ತಿಂಗಳ ಸಂಬಳಕ್ಕಿಂತಲೂ ಕಡಿಮೆ. ಆ ಹಣ ಅವನ ಕೈಯಲ್ಲಿ ಇರದೆಯೂ ಇರಲಿಲ್ಲ. ಮಾರ್ಚಿಯಲ್ಲಿ ಅದರ ಇಮ್ಮಡಿ ಬಂದಿತ್ತು. ಅದನ್ನು ಯುಗಾದಿಯಲ್ಲಿ ಕರಗಿಸಿದವನು ಇದೇ ಕೊರತೆಯನ್ನು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಸಾಲದಿಂದ ತುಂಬಿದರೆ, ಚಕ್ರಬಡ್ಡಿಯನ್ನು ಬಿಟ್ಟರೂ ವರ್ಷಕ್ಕೆ ಸುಮಾರು 7,800 ರೂಪಾಯಿ ಬಡ್ಡಿಯೇ ತೆರಬೇಕಾಗುತ್ತದೆ. ಒಂದು ವಾರಕ್ಕೂ ಮಿಕ್ಕ ಸಂಬಳ ಹೀಗೆ ಪ್ರತಿವರ್ಷವೂ ಗಿರವಿ ಅಂಗಡಿಗೆ ಸಲ್ಲುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇದೇ. ತಾಯಿಯವರು ಲೆಕ್ಕ ಕಲಿತವರಲ್ಲದಿದ್ದರೂ ಒಮ್ಮೆ ಯುಗಾದಿಯ ಮುನ್ನಾದಿನ ತಂದೆಯವರಿಗೆ, “ನೋಡಿ, ಇದು ಜೂನ್ ತಿಂಗಳ ದುಡ್ಡು. ಮಾರ್ಚಿಯಲ್ಲಿ ಬಂದಿದೆ, ಅಷ್ಟೆ” ಎಂದಿದ್ದರು. ನಾನು ಅನಂತರ ಓದಿದ ಅರ್ಥಶಾಸ್ತ್ರದ ಗ್ರಂಥಗಳಲ್ಲಿ ಈ ವಿಷಯವನ್ನು ಇಷ್ಟು ಅಚ್ಚುಕಟ್ಟಾಗಿ ಹೇಳಿದ್ದು ಕಾಣಲಿಲ್ಲ.

ಕಮಿಷನ್ನಿನವನಿಗೂ ಒಂದು ಕನಿಷ್ಠ ಸಂಬಳವಿರಬೇಕೆಂಬ ಮಾತು ನನ್ನ ಕಲ್ಪನೆಯಲ್ಲ. ನಮ್ಮ ನಾಡಿನಲ್ಲಿಯೇ ಹುಟ್ಟಿದ ಒಂದು ಕಸುಬಿನ ಸಂಬಂಧವಾಗಿ ಅದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದದ್ದುಂಟು. 1925ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಎಂದರೆ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಒಂದಾದ ಸಂಸ್ಥೆ, 1928ರಲ್ಲಿ ‘ಪಿಗ್ಮಿ’ ಎಂಬ ಠೇವಣಿಯನ್ನು ಆರಂಭಿಸಿತು. ಏಜೆಂಟನು ದಿನವೂ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಹಣವನ್ನೂ ಕಟ್ಟಿಸಿಕೊಂಡು ಹೋಗುವನು. ಈ ಪದ್ಧತಿ ನಾಡಿನಲ್ಲೆಲ್ಲ ಹಬ್ಬಿ ಬೇರೆ ಬ್ಯಾಂಕುಗಳೂ ಇದನ್ನು ಅನುಸರಿಸಿದುವು. ಹಣ ಕಟ್ಟಿಸುವವನಿಗೆ ಸಂಬಳವಿಲ್ಲ. ಸಂಗ್ರಹಿಸಿದ್ದರ ಮೇಲೆ ಕಮಿಷನ್ ಮಾತ್ರ. ಇತರರಿಗೆ ನಿಯಮದಿಂದ ಉಳಿಸುವುದನ್ನು ಕಲಿಸಿದವನಿಗೇ ನಿಯತವಾದ ವರಮಾನವಿರಲಿಲ್ಲ. ಈ ಸಂಗ್ರಾಹಕರ ಮೊಕದ್ದಮೆಯಲ್ಲಿ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ 1988ರಲ್ಲಿ ತೀರ್ಪು ಕೊಟ್ಟಿತು. ತಿಂಗಳಿಗೆ 7,500 ರೂಪಾಯಿ ಸಂಗ್ರಹಿಸುವವನಿಗೆ 750 ರೂಪಾಯಿಯ ಆಧಾರವೇತನ ಸಲ್ಲಬೇಕು. ಅದಕ್ಕೆ ಮೀರಿದ ಸಂಗ್ರಹದ ಮೇಲೆ ನೂರಕ್ಕೆ ಎರಡರಂತೆ ಪ್ರೋತ್ಸಾಹಧನ. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಕಾಲಿಗೆ ನೆಲ ಮೊದಲು, ಏಣಿ ಆಮೇಲೆ ಎಂಬುದು ಇದರ ತಾತ್ಪರ್ಯ. ಆ ನೆಲವನ್ನು ಹಾಕಿಕೊಡುವ ನ್ಯಾಯಮಂಡಳಿ ಎಲ್ಲ ಕಸುಬಿನವರಿಗೂ ದೊರೆಯುವುದಿಲ್ಲವಾದ್ದರಿಂದ ಉಳಿದವರು ತಮಗೆ ತಾವೇ ಹಾಕಿಕೊಳ್ಳಬೇಕಾಗಿದೆ.

ಕಮಿಷನ್ ಎಂಬುದೆಲ್ಲವೂ ಒಂದೇ ಜಾತಿಯದಲ್ಲ. ಅಂಚೆ ಕಚೇರಿಯ ಆವರ್ತಕ ಠೇವಣಿಗೆ ಹಣ ಕೂಡಿಸುವ ಮಹಿಳಾ ಏಜೆಂಟರಿಗೆ ನೂರಕ್ಕೆ 4 ದೊರೆಯುತ್ತದೆ. ಠೇವಣಿದಾರರು ತಿಂಗಳು ತಿಂಗಳೂ ಕಟ್ಟುವುದರಿಂದ ಅವರ ವರಮಾನ ಚಿಕ್ಕದಾದರೂ ಸಮವಾದದ್ದು. ಮನೆ ಕೊಡಿಸುವ ದಳ್ಳಾಳಿಯದು ಇದಕ್ಕೆ ನೇರ ವಿರುದ್ಧ. ಒಂದು ಕ್ರಯಪತ್ರ ರಿಜಿಸ್ಟರಾದರೆ ಆರು ತಿಂಗಳ ಊಟ, ಆಗದಿದ್ದರೆ ಆರು ತಿಂಗಳ ಉಪವಾಸ. ವಿಮೆಯವನದು ನಡುವಿನದು. ಬಹಳ ಕಾಲದವರೆಗೆ ಜೀವವಿಮಾ ನಿಗಮದ ದೀರ್ಘಾವಧಿ ಪಾಲಿಸಿಗಳಲ್ಲಿ ಮೊದಲ ವರ್ಷದ ಕಂತಿನ ಮೇಲೆ ನೂರಕ್ಕೆ 35ರವರೆಗೆ, ಎರಡು ಮತ್ತು ಮೂರನೆಯ ವರ್ಷ ಏಳೂವರೆ, ಅಲ್ಲಿಂದ ಮುಂದೆ 5 ಎಂಬ ದರವಿತ್ತು. ವರ್ಷಕ್ಕೆ 20,000 ರೂಪಾಯಿಯ ಕಂತು ಇಪ್ಪತ್ತು ವರ್ಷ ನಡೆದರೆ ಏಜೆಂಟನಿಗೆ ಬರುತ್ತಿದ್ದ 27,000ದಲ್ಲಿ 7,000 ಮೊದಲ ವರ್ಷವೇ ಬರುತ್ತಿತ್ತು. ಕೊನೆಯ ಹದಿನೇಳು ವರ್ಷ ಸಾವಿರ ಸಾವಿರವಾಗಿ. ಆ ಏಳು ಸಾವಿರ ಕಣ್ಣು ಕುಕ್ಕುತ್ತದೆ. ಈ ಸಾವಿರ ಕಣ್ಣಿಗೆ ಬೀಳುವುದಿಲ್ಲ. ಆದರೆ ನೂರು ಹಳೆಯ ಗಿರಾಕಿಗಳ ಸಾವಿರ ಸಾವಿರವೇ ಕೆರೆಗೆ ವರ್ಷವಿಡೀ ಬರುವ ಊಟೆ. ಸಂಬಳದಿಂದಲೇ ತಿಂಗಳು ತಿಂಗಳೂ ಕಂತು ಕಡಿತವಾಗುವ ಪಾಲಿಸಿಯನ್ನು ಏಜೆಂಟರು ಹಗುರವಾಗಿ ಎಣಿಸುವುದುಂಟು, ಕಮಿಷನ್ನೂ ತುಣುಕು ತುಣುಕಾಗಿ ಬರುತ್ತದೆಂದು. ಸಂಸಾರದ ದೃಷ್ಟಿಯಿಂದ ಅದೇ ಅದರ ಗುಣ. 2024ರ ಅಕ್ಟೋಬರಿನಿಂದ ನಿಗಮವು ಮೊದಲ ವರ್ಷದ ಪಾಲನ್ನು ಇಳಿಸಿ ಮುಂದಿನ ವರ್ಷಗಳ ಪಾಲನ್ನು ಏರಿಸಿದೆ. ಏಜೆಂಟರು ಇದಕ್ಕೆ ಸಿಟ್ಟಾದರು. ಹೊಸಬನಿಗೆ ಇದು ಕಷ್ಟವೇ ಸರಿ. ಹತ್ತು ವರ್ಷ ನಿಂತವನಿಗೆ ಹಿತವಾದೀತೆಂದು ನನ್ನ ಭಾವನೆ.

ಇದುವರೆಗೆ ಹೇಳಿದ್ದು ಸಾಧಾರಣ ವರ್ಷದ ಮಾತು. ಬರಗಾಲದ ಮಾತು ಬೇರೆ. 2008ರ ಮೇ 24ರಂದು ನಾಗರಿಕ ವಿಮಾನಗಳೆಲ್ಲ ನಮ್ಮ ಊರಿನ ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ಹೊರಟುಹೋದುವು. ಹಿಂದಿನ ದಿನದವರೆಗೆ ನಿಲ್ದಾಣದ ಬಾಗಿಲಿನಲ್ಲಿ ಸಾಲುಗಟ್ಟಿ ನಿಂತಿದ್ದ ಟ್ಯಾಕ್ಸಿಯವರಿಗೂ ತಂಗುಮನೆಗಳಿಗೆ ಪ್ರಯಾಣಿಕರನ್ನು ಕರೆದೊಯ್ಯುತ್ತಿದ್ದವರಿಗೂ ಅದು ಋತುವಿನ ಇಳಿತವಲ್ಲ, ಹೊಳೆಯೇ ಪಾತ್ರ ಬದಲಿಸಿದಂತೆ. 2020ರ ಮಾರ್ಚಿಯಲ್ಲಿ ದೇಶವೇ ಬಾಗಿಲು ಹಾಕಿದಾಗ ವರ್ಷದ ಫಸಲಿನ ಕೊನೆಯ ವಾರವೇ ಅನೇಕ ಏಜೆಂಟರ ಕೈತಪ್ಪಿತು. ಋತುವಿನ ಕೊರತೆಗೆ ಎರಡು ತಿಂಗಳ ಸಂಬಳ ಸಾಕೆಂದೆನಷ್ಟೆ. ಇಂಥ ಬರಕ್ಕೆ ಅದರ ಮೇಲೆ ಇನ್ನೂ ನಾಲ್ಕು ತಿಂಗಳದಾದರೂ ಬೇಕು. ಮೇಲಿನ ಉದಾಹರಣೆಯಲ್ಲಿ ಮಾರ್ಚಿಯ ಮಿಗತೆ 72,000. ಹೀಗಾಗಿ ಕೆರೆ ಪೂರ್ತಿ ತುಂಬಲು ಎರಡು ಮೂರು ವರ್ಷ ಹಿಡಿಯುತ್ತದೆ. ಕೋಡಿಯ ಮಾತು ಅಲ್ಲಿಯವರೆಗೆ ಎತ್ತಲಾಗದು. ಕೆರೆಯ ಹಣವನ್ನು ಬೇಕಾದ ದಿನ ಕೈಗೆ ಬರುವಂತೆ ಉಳಿತಾಯದ ಖಾತೆಯಲ್ಲಿಯೂ ಅಲ್ಪಾವಧಿಯ ಠೇವಣಿಯಲ್ಲಿಯೂ ಇಡಬೇಕು. ಷೇರುಗಳಲ್ಲಿ ಹಾಕುವುದು ಕೆರೆಯ ಏರಿಯಲ್ಲಿ ತೂತು ಕೊರೆದಂತೆ.

ಕೋಡಿ ಬಿದ್ದ ನೀರಿಗೆ, ಎಂದರೆ ದೀರ್ಘಕಾಲದ ಉಳಿತಾಯಕ್ಕೆ, ಸಾರ್ವಜನಿಕ ಭವಿಷ್ಯನಿಧಿ ಈ ಜನಕ್ಕೆ ಹೇಳಿ ಮಾಡಿಸಿದಂತಿದೆ. ವರ್ಷಕ್ಕೆ 500 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ ಎಷ್ಟನ್ನಾದರೂ ಯಾವ ತಿಂಗಳಾದರೂ ಕಟ್ಟಬಹುದು. ಅವಧಿ ಹದಿನೈದು ವರ್ಷ. ಆವರ್ತಕ ಠೇವಣಿ ಸಂಬಳಗಾರನ ಸಾಧನ. ಅಂಚೆ ಕಚೇರಿಯಲ್ಲಿ ಒಂದು ತಿಂಗಳು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ; ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ. ಚೀಟಿಯ ಕಟ್ಟುನಿಟ್ಟು ಇದಕ್ಕಿಂತಲೂ ಹೆಚ್ಚು.

ತೆರಿಗೆಯ ಬಗ್ಗೆ ಎರಡು ಮಾತು. ಕಮಿಷನ್ ಕೊಡುವವರು ಮೂಲದಲ್ಲಿಯೇ ಸ್ವಲ್ಪ ತೆರಿಗೆ ಹಿಡಿದು ಕೊಡುತ್ತಾರೆ. ಅದರಿಂದ ತೆರಿಗೆ ತೀರಿತೆಂದು ಭಾವಿಸಬಾರದು. ಹಾಗೆ ಹಿಡಿದದ್ದನ್ನು ಕಳೆದು ವರ್ಷದ ತೆರಿಗೆ 10,000 ರೂಪಾಯಿಗೆ ಕಡಿಮೆಯಾಗದಿದ್ದರೆ ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15, ಈ ನಾಲ್ಕು ಗಡುವುಗಳಲ್ಲಿ ಮುಂಗಡವಾಗಿ ಕಟ್ಟಬೇಕು. ನಮ್ಮ ಉದಾಹರಣೆಯಷ್ಟು ಗಳಿಸುವವನಿಗೆ ಈಗಿನ ದರಗಳಲ್ಲಿ ತೆರಿಗೆಯೇ ಬಾರದು. ಆದರೆ ಹಿಡಿದ ಹಣ ಮರಳಿ ಬರಬೇಕಾದರೆ ವರದಿಯನ್ನು ಸಲ್ಲಿಸಲೇಬೇಕು. ಸಣ್ಣ ವ್ಯಾಪಾರಿಗಳಿಗಿರುವಂತೆ ವಹಿವಾಟಿನ ಇಷ್ಟು ಪಾಲೇ ಲಾಭವೆಂದು ಅಂದಾಜಿನಿಂದ ತೋರಿಸುವ ಸೌಲಭ್ಯ ಕಮಿಷನ್ ಮತ್ತು ದಳ್ಳಾಳಿಯ ವರಮಾನಕ್ಕೆ ಇಲ್ಲ. ಆದುದರಿಂದ ಪೆಟ್ರೋಲಿನ ಚೀಟಿಯಿಂದ ಮೊದಲ್ಗೊಂಡು ಖರ್ಚಿನ ದಾಖಲೆಯನ್ನು ಇಡಲೇಬೇಕು. ತೆರಿಗೆ ಬರುವವನು ಆ ಪಾಲನ್ನು ಕೆರೆಯ ನೀರೆಂದು ಎಣಿಸದೆ ಬಂದ ದಿನವೇ ಬೇರೆ ಮಾಡಬೇಕು. ಅದು ಊರಿನವರ ನೀರು.

ಸಂಬಳವನ್ನು ಗೊತ್ತುಮಾಡುವುದಕ್ಕಿಂತ ಅದನ್ನು ಕದಲಿಸದಿರುವುದು ಕಷ್ಟ. ಫೆಬ್ರವರಿಯಲ್ಲಿ ದೊಡ್ಡ ಹಣ ಕಂಡಾಗ ‘ಈ ಸಲ ಮಾತ್ರ’ ಎಂದು ಮನಸ್ಸು ಹೇಳುತ್ತದೆ. ಸಂಬಳವನ್ನು ಏರಿಸುವುದಾಗಲಿ ಇಳಿಸುವುದಾಗಲಿ ವರ್ಷಕ್ಕೊಂದು ದಿನ ಮಾತ್ರ, ಗಂಡಹೆಂಡಿರು ಕುಳಿತು ಹಿಂದಿನ ಮೂರು ವರ್ಷಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಆಗಬೇಕು. ಲೆಕ್ಕದ ವರ್ಷವೂ ಮುಗಿದು ಚಂದ್ರಮಾನದ ವರ್ಷವೂ ಹುಟ್ಟುವ ಯುಗಾದಿಯ ಸುಮಾರು ಇದಕ್ಕೆ ತಕ್ಕ ಕಾಲ. ಮೂರು ವರ್ಷಗಳಲ್ಲಿ ಅತಿ ಕಡಿಮೆಯಾದ ವರ್ಷದ ಗಳಿಕೆಯನ್ನು ಹನ್ನೆರಡರಿಂದ ಭಾಗಿಸಿ, ಸಂಬಳ ಅದನ್ನು ಮೀರದಂತೆ ನೋಡಿಕೊಂಡರೆ ಮೋಸವಿಲ್ಲ. ಮನೆಯ ಬಾಡಿಗೆ, ವಾಹನದ ಸಾಲದ ಕಂತು ಮುಂತಾದ ತಪ್ಪಿಸಲಾಗದ ಖರ್ಚುಗಳನ್ನೆಲ್ಲ ಈ ಸಂಬಳದ ಮೇಲೆ ತೂಗಬೇಕೇ ಹೊರತು ಮಾರ್ಚಿಯ ಮೇಲಲ್ಲ. ಆದರೆ ಸಾಲ ಕೊಡುವವರು ಬಹಳ ಸಲ ಮಾರ್ಚಿಯನ್ನು ನೋಡಿಯೇ ಕೊಡಲು ಬರುತ್ತಾರೆ.

ಕಸುಬಿಗೆ ಹೊಸಬನಾಗಿ ಇನ್ನೂ ಕೆರೆಯೇ ಇಲ್ಲದವನು ಏನು ಮಾಡಬೇಕೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಕೇಳಿದ. ಮೊದಲ ದೊಡ್ಡ ಕಮಿಷನ್ ಬರುವವರೆಗೆ ಬೇರೆ ದಾರಿಯಿಲ್ಲ. ತಂದೆಯ ಮನೆಯಲ್ಲಿಯೇ ಊಟ ಮಾಡುತ್ತಿರಪ್ಪ, ಬೇರೆ ಮನೆ ಮಾಡುವ ಅವಸರ ಬೇಡ ಎಂದು ಹೇಳಿದೆ. ಅವನಿಗೆ ಈ ಉತ್ತರ ಹಿಡಿಸಲಿಲ್ಲ.

ನಮ್ಮ ತಂದೆಯವರು ತೀರಿದ ಮೇಲೆ ಅವರ ಹಳೆಯ ಪಾಲಿಸಿಗಳ ಕಮಿಷನ್, ನಿಯಮದ ಷರತ್ತುಗಳಿಗೆ ಒಳಪಟ್ಟು, ವಾರಸುದಾರಳಾಗಿ ತಾಯಿಯವರ ಹೆಸರಿಗೆ ಬರತೊಡಗಿತು. ಮೊತ್ತ ತಿಂಗಳಿಂದ ತಿಂಗಳಿಗೆ ಬೇರೆಬೇರೆ. ಮಾರ್ಚಿಯಲ್ಲಿ ಒಂದಿಷ್ಟು ಹೆಚ್ಚು. ಅವರು ಅದನ್ನು ಒಂದು ಪಾಸ್‌ಪುಸ್ತಕದಲ್ಲಿ ಕೂಡಿಬೀಳಲು ಬಿಟ್ಟು ಪ್ರತಿ ಮೊದಲ ತಾರೀಖಿಗೂ ಅದರಿಂದ ಒಂದೇ ಮೊತ್ತವನ್ನು ತೆಗೆಯುತ್ತಿದ್ದರು. ಬಳೆಗಳು ಆ ಬಳಿಕ ಅಂಗಡಿಗೆ ಹೋಗಲಿಲ್ಲ.